ಆರನೆಯ ರಾತ್ರಿಯ ಟೇಪು

ಮಾರ್ಚ್ 3, ಸೋಮವಾರ

ಮದುವೆಯಾಗಿ ಇಪ್ಪತ್ಮೂರು ದಿನ. ‘ನನ್ನ ಗಂಡ’ ಎಂದು ಬರೆದರೆ ಈಗಲೂ ಬೇರೆ ಯಾರದೋ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ ಹಾಗೆ ನಗು ಬರುತ್ತದೆ. ನನ್ನ ಗಂಡ, ನನ್ನ ಗಂಡ, ನನ್ನ ಗಂಡ. ಸರಿ, ಇನ್ನು ಸಾಕು.

ಹನ್ನೆರಡು ವರ್ಷ ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಉಸಿರಾಡಿದೆ. ನಮ್ಮ ಬ್ಯಾಂಡಿನ ಅಭಿಮಾನಿಗಳ ಕ್ಲಬ್ಬಿನ ಪ್ರೀತಿ ಜಗಳವೆಲ್ಲ ಇಂಗ್ಲಿಷಿನಲ್ಲೇ. ಡೈರಿ ಮಾತ್ರ ಕನ್ನಡದಲ್ಲಿ, ಏಕೆಂದರೆ ಇಲ್ಲಿ ನನ್ನನ್ನು ತಿದ್ದುವವರು ಯಾರೂ ಇಲ್ಲ.

ಅತ್ತೆ ಒಳ್ಳೆಯವರು. ಆದರೆ ಅದು ಹೇಗೋ ಅವರಿಗೆ ನಾನು ನಾಚಿಕೆಯ ಹುಡುಗಿ ಅಂತ ಅನ್ನಿಸಿಬಿಟ್ಟಿದೆ. ಬೆಳಿಗ್ಗೆ ಟೀ ಕುಡಿಯುವಾಗ, “ಸ್ವಲ್ಪ ಬಾಯಿಬಿಟ್ಟು ಮಾತಾಡಮ್ಮ. ಗಂಟಲೊಳಗೇ ಇಟ್ಕೊಂಡ್ರೆ ನಮಗೆ ಹೇಗೆ ಗೊತ್ತಾಗಬೇಕು?” ಎಂದರು. ಯಾರಿಗೆ? ನನಗೆ. ಒಂಬತ್ತನೇ ಕ್ಲಾಸಿನಲ್ಲಿ ಬಾಯಿ ಹೆಚ್ಚಾಯಿತೆಂದು ವಾರಕ್ಕೆರಡು ಸಲ ಬೆಂಚಿನ ಮೇಲೆ ನಿಂತವಳಿಗೆ. ನನ್ನ ದನಿ ನನ್ನ ತಲೆಯೊಳಗೆ ನಗಾರಿಯ ಹಾಗೆ ಕೇಳಿಸುತ್ತದೆ. ಹೊಸ ಮನೆ, ಕಿರುಚಬಾರದು ಎಂದು ತಗ್ಗಿಸಿಕೊಂಡಿದ್ದೇನೆ ಅಷ್ಟೆ. ಅವರೋ ಟೀವಿಯನ್ನು ಹೆಚ್ಚುಕಡಿಮೆ ಮೂಕಿಯ ಹಾಗೆ ಇಟ್ಟುಕೊಂಡು ನೋಡುತ್ತಾರೆ. ಮೂವರಲ್ಲಿ ನಾಚಿಕೆಯವರು ಯಾರು ಎಂದು ಟೀವಿಯನ್ನೇ ಕೇಳಬೇಕು.

ಅವರಿಗೆ ಇವತ್ತು ನಮ್ಮ ಬ್ಯಾಂಡಿನ ವಿಷಯ ಹೇಳಿದೆ. ಎರಡು ಸಮುದ್ರ ದಾಟಿದ ಮೇಲೆ ಒಂದು ದೇಶವಿದೆ, ಅಲ್ಲಿ ನಾಲ್ವರು ಗಂಡಸರು ಇಪ್ಪತ್ತು ವರ್ಷ ಗಿಟಾರು, ಡ್ರಮ್ಮು ಬಾರಿಸಿದರು, ಹನ್ನೊಂದು ವರ್ಷದ ಹಿಂದೆ ಡ್ರಮ್ಮರ್ ತೀರಿಕೊಂಡ, ಬ್ಯಾಂಡು ನಿಂತಿತು, ಆದರೆ ನಾವು ನಾನೂರು ಜನ ನಿಲ್ಲಲಿಲ್ಲ ಎಂದೆ. “ನಾನೂರು ಜನ ಸೇರಿ ಏನ್ಮಾಡ್ತೀರಿ?” ಎಂದರು. ಹಳೆಯ ಕಛೇರಿಗಳ ಟೇಪುಗಳನ್ನು ಹುಡುಕಿ ಕೂಡಿಡುತ್ತೇವೆ ಎಂದೆ. “ಅವರ ಮನೆಯವರಿಗೆ ಗೊತ್ತಾ?” ಎಂದರು.

ಇವನಿಗಂತೂ ಮೊದಲ ವಾರವೇ ಕೂರಿಸಿ ಕೇಳಿಸಿದ್ದೆ. ನನ್ನ ಪ್ರಾಣದಂಥ ಹಾಡಿಗೆ ಇವನು ಕಣ್ಣು ಮುಚ್ಚಿ ತಲೆ ಬಾಗಿಸಿ ಕೂತಿದ್ದ. ಕರಗಿಹೋದ ಎಂದುಕೊಂಡೆ. ಕೊನೆಗೆ ಕಣ್ಣು ತೆರೆದು, “ಬೇರಿಂಗ್ ಹೋಗಿದೆ” ಎಂದ. ಇವನು ಲಿಫ್ಟ್ ಮೆಕ್ಯಾನಿಕ್. ಎರಡನೆಯ ಹಾಡಿನ ನಡುವೆ, “ಇನ್ನೂ ಎಷ್ಟು ಹೊತ್ತು?” ಎಂದೂ ಕೇಳಿದ. ಕ್ಷಮಿಸಿದ್ದೇನೆ, ಏಕೆಂದರೆ ನಿನ್ನೆ ಇವನ ಕೆಲಸ ನೋಡಿದೆ. ಒಂದು ಕಟ್ಟಡದ ತಾರಸಿಯ ಮೋಟಾರು ಕೋಣೆ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಡಾಕ್ಟರು ಎದೆ ಪರೀಕ್ಷಿಸುವಂತೆ ಕೇಳುತ್ತ ನಿಂತ. ಆ ಮುಖ ನೋಡಿ ಇನ್ನೊಂದು ಸಲ ಮದುವೆಯಾಗಬೇಕೆನ್ನಿಸಿತು.

ಮಾರ್ಚ್ 9, ಭಾನುವಾರ

ಆರನೆಯ ರಾತ್ರಿ ಸಿಕ್ಕಿದೆಯಂತೆ.

ಅಕ್ಷರ ಓಡುತ್ತಿದೆ, ಸ್ವಲ್ಪ ನಿಂತು ಬರೆಯುತ್ತೇನೆ. ಡ್ರಮ್ಮರ್ ಸಾಯುವ ಮುಂಚಿನ ಕೊನೆಯ ಪ್ರವಾಸದಲ್ಲಿ ಆರು ರಾತ್ರಿಗಳಿದ್ದವು. ಆ ಪ್ರವಾಸದ ಮೊದಲ ದಿನ ಅವನ ಎಡಗಡೆಯ ದೊಡ್ಡ ಕಂಚಿನ ತಾಳ ಬಿರುಕು ಬಿಟ್ಟಿತು. ಬದಲಾಯಿಸಲು ಒಪ್ಪಲಿಲ್ಲ. ಹಾಗಾಗಿ ಆ ಆರು ರಾತ್ರಿ ಮಾತ್ರ, ತಾಳ ಹೊಡೆದಾಗಲೆಲ್ಲ ಅದರ ಬಾಲಕ್ಕೆ ಒಂದು ಸದ್ದು ಅಂಟಿಕೊಂಡಿರುತ್ತದೆ: ಬಿಸಿ ಕಾವಲಿಯ ಮೇಲೆ ನಾಲ್ಕು ಹನಿ ನೀರು ಬಿದ್ದ ಹಾಗೆ, ಚುಂಯ್ ಎಂದು, ಬಹಳ ಸಣ್ಣಗೆ. ಐದು ರಾತ್ರಿಗಳ ಟೇಪು ನಮ್ಮಲ್ಲಿವೆ. ಆರನೆಯದನ್ನು ತಂದಿದ್ದೇವೆ ಎಂದು ಬಂದವರೆಲ್ಲ ಹಳೆಯ ಕಛೇರಿಯ ಟೇಪಿಗೆ ಹೊಸ ಹೆಸರು ಅಂಟಿಸಿದ ಮೋಸಗಾರರೇ. ಅವರನ್ನು ಹಿಡಿದದ್ದು ನಾನು. ಅದಕ್ಕೇ ಹತ್ತೊಂಬತ್ತನೇ ವಯಸ್ಸಿನಲ್ಲಿ ಕ್ಲಬ್ಬು ನನ್ನನ್ನು ಮತ ಹಾಕಿ ‘ಕಿವಿ’ಯನ್ನಾಗಿ ಮಾಡಿತು. ಅದೊಂದು ಹುದ್ದೆ. ಟೇಪು ಬಂದರೆ ಮೊದಲು ಕಿವಿ ಕೇಳಬೇಕು, ಒಂದೇ ಪದದ ತೀರ್ಪು ಕೊಡಬೇಕು: ‘ನಿಜ’ ಅಥವಾ ‘ಸುಳ್ಳು’. ಸುಳ್ಳಾದರೆ ತಂದವನು ಕ್ಲಬ್ಬಿನಿಂದ ಹೊರಗೆ. ಏಳು ವರ್ಷದಲ್ಲಿ ಮೂವತ್ತೊಂದು ತೀರ್ಪು. ಒಂದೂ ತಪ್ಪಿಲ್ಲ.

ಈ ಸಲ ತಂದಿರುವವರು ಬ್ಯಾಂಡಿನ ಊರಿನವರೇ. ನಿವೃತ್ತ ಬಸ್ ಚಾಲಕರು. ನಾನು ಮನಸ್ಸಿನಲ್ಲಿ ಬಸ್ಸಣ್ಣ ಎನ್ನುತ್ತೇನೆ. ಕ್ಲಬ್ಬಿನಲ್ಲಿ ವರ್ಷಕ್ಕೆ ನಾಲ್ಕು ಮಾತು ಆಡುವವರು. “ನಾನು ಅಲ್ಲಿದ್ದೆ. ಟೇಪು ಇಷ್ಟು ದಿನ ಪೆಟ್ಟಿಗೆಯಲ್ಲಿತ್ತು. ಈಗ ಕೊಡಬೇಕು ಅನ್ನಿಸಿತು” ಎಂದಷ್ಟೇ ಬರೆದು, ಟೇಪಿನ ನಕಲನ್ನು ಕಂಪ್ಯೂಟರಿಗೆ ಏರಿಸಿ ಕಳಿಸಿದ್ದಾರೆ. ನಿಜವೆಂದರೆ ಮೇ ಹನ್ನೊಂದಕ್ಕೆ, ಡ್ರಮ್ಮರ್ ತೀರಿಕೊಂಡ ದಿನ, ನಾನೂರು ಜನ ಅವರವರ ಮನೆಗಳಲ್ಲಿ ಒಂದೇ ಗಳಿಗೆಗೆ ಅದನ್ನು ಹಾಕಿ ಕೇಳುತ್ತೇವೆ.

ಇವನಿಗೆ ಹೇಳಿದೆ. ಅಡುಗೆಮನೆಯಿಂದ ಏನೋ ಗೊಣಗಿದ.

ಮಾರ್ಚ್ 14, ಶುಕ್ರವಾರ

ಐದು ದಿನವೂ ಬೆಳಕು ಹರಿಯುವಾಗಲೇ ಎದ್ದು ಕೇಳಿದೆ. ಹೆಡ್‌ಫೋನ್ ಹಳೆಯದಾಗಿದೆ, ವಾಲ್ಯೂಮ್ ತುದಿ ಮುಟ್ಟಿಸಿದರೂ ಸಾಲದು. ಹಾಡುಗಳ ಸಾಲು ಸರಿ. ಗಾಯಕನ ಗಂಟಲು ಕಟ್ಟಿದೆ, ಅದೂ ಸರಿ. ಆದರೆ ತಾಳದ ಬಾಲದಲ್ಲಿ ಏನೂ ಇಲ್ಲ. ತಾಳ ಬೀಳುತ್ತದೆ, ಮುಗಿಯುತ್ತದೆ. ಅದಕ್ಕಿಂತ ಹೆಚ್ಚಿನದು: ಟೇಪಿನ ಗಾಳಿಯೇ ಇಲ್ಲ. ಹನ್ನೊಂದು ವರ್ಷ ಪೆಟ್ಟಿಗೆಯಲ್ಲಿದ್ದ ಟೇಪಿನ ತಳದಲ್ಲಿ ಸೊಂಯ್ ಎನ್ನುವ ಗಾಳಿ ಇರಲೇಬೇಕು. ಇದು ತೊಳೆದ ತಟ್ಟೆಯ ಹಾಗೆ ಸ್ವಚ್ಛ. ಯಾರೋ ಹಳೆಯದನ್ನು ತೆಗೆದುಕೊಂಡು ಯಂತ್ರದಲ್ಲಿ ಉಜ್ಜಿದ್ದಾರೆ.

ಬಸ್ಸಣ್ಣ ಹೀಗೆ ಮಾಡಬಹುದೇ?

ಮಾರ್ಚ್ 16, ಭಾನುವಾರ

ಸುಳ್ಳು.

ಕಳಿಸಿದೆ. ಕ್ಲಬ್ಬನ್ನು ನಡೆಸುವ ಮೇಷ್ಟ್ರು (ಅವರು ಮೂರನೆಯದೇ ಒಂದು ದೇಶದಲ್ಲಿ ನಿಜವಾಗಿಯೂ ಮೇಷ್ಟ್ರು) “ಖಚಿತವೇ?” ಎಂದು ಕೇಳಿದರು. ಕಿವಿಯನ್ನು ಯಾರೂ ಎರಡನೆಯ ಸಲ ಕೇಳುವ ಪದ್ಧತಿ ಇಲ್ಲ. ಸ್ವಲ್ಪ ಚುಚ್ಚಿತು. “ಖಚಿತ. ಹಳೆಯ ಟೇಪಿಗೆ ಇರಬೇಕಾದ ಗಾಳಿಯೂ ಇಲ್ಲ” ಎಂದು ಬರೆದೆ. ಜಾಣ ವಾಕ್ಯ ಎಂದು ನನಗೇ ಹೆಮ್ಮೆಯಾಯಿತು.

ಮಾರ್ಚ್ 18, ಮಂಗಳವಾರ

ಬಸ್ಸಣ್ಣನನ್ನು ತೆಗೆದರು. ಜಗಳವಾಡಲಿಲ್ಲ. ಕೊನೆಯ ಮಾತು ಇಷ್ಟೆ: “ಕಿವಿ ಹೇಳಿದ ಮೇಲೆ ನಾನೇನು ಹೇಳಲಿ. ಆದರೆ ಟೇಪನ್ನು ಅಳಿಸಬೇಡಿ. ಅದರಲ್ಲಿ ನಮ್ಮ ಮನೆಯವರೊಬ್ಬರು ಇದ್ದಾರೆ.”

ಮೋಸಗಾರರು ಕೊನೆಗೆ ಹೀಗೇ ಕಣ್ಣೀರಿನ ಕಡೆಗೆ ಹೊರಳುತ್ತಾರೆ. ಇಬ್ಬರು ಮುಂಚೆಯೂ ಹೊರಳಿದ್ದರು. ಆದರೂ ಯಾಕೋ ಟೇಪನ್ನು ಅಳಿಸಲಿಲ್ಲ.

ಮಾರ್ಚ್ 27, ಗುರುವಾರ

ಕೂತಲ್ಲಿ ಕೂರಲಾಗದ ವಾರ. ಕಪಾಟಿನ ಬಟ್ಟೆಯನ್ನೆಲ್ಲ ತೆಗೆದು ಮತ್ತೆ ಮಡಚಿಟ್ಟೆ. ಅತ್ತೆ ನೋಡಿ ತಮ್ಮ ಕಪಾಟಿನದ್ದನ್ನೂ ತಂದು ಹಾಕಿದರು.

ಫ್ರಿಜ್ಜು ಗುಂಯ್ ಎನ್ನುತ್ತದೆ ಎಂದು ಇವನಿಗೆ ಮೂರನೆಯ ಸಲ ಹೇಳಿದೆ. ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನಿಗೆ ಮನೆಯ ಫ್ರಿಜ್ಜು ಕಾಣದು. ಇವನು ಹೋಗಿ ಅದರ ಪ್ಲಗ್ಗನ್ನೇ ಕಿತ್ತು ಬಂದು, “ಈಗ?” ಎಂದ. “ಈಗಲೂ” ಎಂದೆ. ನನ್ನ ಮುಖವನ್ನೇ ನೋಡಿದ. ನಗುತ್ತಾನೆ ಅಂದುಕೊಂಡೆ, ನಗಲಿಲ್ಲ.

ಒಂದು ವಿಚಿತ್ರ. ಇವನು ಕೆಲಸದಿಂದ ಫೋನು ಮಾಡಿದರೆ ಒಂದೊಂದು ಮಾತೂ ಜೇನಿನ ಹಾಗೆ ಕಿವಿಯೊಳಗೇ ಇಳಿಯುತ್ತದೆ. ಮನೆಗೆ ಬಂದು ಎದುರಿಗೆ ಕೂತರೆ ಬರೀ ಗೊಣಗು. ಫೋನಿನಲ್ಲಿರುವ ಗಂಡನೇ ಹೆಚ್ಚು ಪ್ರೀತಿಸುತ್ತಾನೆ. ಎದುರಿಗಿರುವವನು ಆಗಲೇ ಹಳಬನಾದನೇ?

ಏಪ್ರಿಲ್ 5, ಶನಿವಾರ

ಮೊದಲ ಜಗಳ. ಸ್ನಾನದ ಮನೆಯಿಂದ ಟವೆಲ್ ಕೇಳಿದನಂತೆ, ನಾಲ್ಕು ಸಲ. ನಾನು ಹೊರಗೆ ಹಾಯಾಗಿ ಪೇಪರು ಓದುತ್ತಿದ್ದೆನಂತೆ. ಒದ್ದೆಯಾಗಿ ಬಂದು ನಿಂತು, “ಕೋಪ ಇದ್ರೆ ಬಾಯಿಬಿಟ್ಟು ಹೇಳು. ಹೀಗೆ ಕಲ್ಲಿನ ಥರ ಕೂರಬೇಡ” ಎಂದ. ನನಗೆ ಕೋಪವೇ ಇರಲಿಲ್ಲ. ಅವನು ಹಾಗೆಂದ ಮೇಲೆ ಬಂತು.

“ನೀನು ಕರೀಲೇ ಇಲ್ಲ.”

“ಪಕ್ಕದ ಮನೆಯವರು ಟವೆಲ್ ತಂದುಕೊಡೋಕೆ ಬಂದಿದ್ರು ಕಣೇ.”

ಸುಳ್ಳು. ಆದರೆ ನಗು ಬಂತು, ನಕ್ಕೆ, ಜಗಳ ಹಾಳಾಯಿತು.

ಏಪ್ರಿಲ್ 8, ಮಂಗಳವಾರ

ಕೆಲಸದಲ್ಲಿ ಅವಮಾನ.

ನಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ನಾನಿರುವುದು ತಟ್ಟುವ ಕೋಣೆ. ಬಟ್ಟಲುಗಳು ಹಲಗೆಯ ಮೇಲೆ ಬರುತ್ತವೆ. ಒಂದೊಂದನ್ನೂ ಅಂಗೈಯಲ್ಲಿಟ್ಟು ಬೆರಳುದ್ದದ ಮರದ ಕಡ್ಡಿಯಿಂದ ತಟ್ಟಬೇಕು. ಒಳ್ಳೆಯ ಬಟ್ಟಲು ಟಿಂಗ್ ಎಂದು ಎಳೆದುಕೊಂಡು ಹೋಗುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಟಕ್ ಎಂದು ಅಲ್ಲೇ ಸಾಯುತ್ತದೆ. ಟಕ್ ಎಂದದ್ದು ಕೆಂಪು ಬುಟ್ಟಿಗೆ. ಎರಡು ತಿಂಗಳಿಂದ ಕಾರ್ಖಾನೆಯ ಮಾಲೇ ಕೆಟ್ಟಿದೆ. ನನ್ನ ಕೆಂಪು ಬುಟ್ಟಿ ಮಧ್ಯಾಹ್ನಕ್ಕೇ ತುಂಬಿಬಿಡುತ್ತದೆ. ಬಟ್ಟಲು ಸುಡುವ ಗೂಡಿನ ಬೆಂಕಿ ಸರಿಯಿಲ್ಲ ಎಂದು ನಾನೇ ಹೇಳಿಯೂ ಇದ್ದೆ.

ಇವತ್ತು ಮೇಲ್ವಿಚಾರಕಿ ಬಂದು ನನ್ನ ಕೆಂಪು ಬುಟ್ಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಇಪ್ಪತ್ತು ವರ್ಷ ತಟ್ಟಿದ ಕೈ ಅವರದು. ಒಂದೊಂದೇ ತಟ್ಟುತ್ತ, ಎಡಕ್ಕೆ ಬಲಕ್ಕೆ ಇಡುತ್ತ ಹೋದರು. ಬಲಗಡೆ ಗುಡ್ಡೆಯಾಯಿತು.

“ಇವೆಲ್ಲ ಒಳ್ಳೇವು” ಎಂದರು.

“ಎಲ್ಲಿ ಮೇಡಂ, ಟಕ್ ಅಂತಿವೆಯಲ್ಲ.”

ಅವರು ಒಂದನ್ನು ನನ್ನ ಮುಂದೆ ಹಿಡಿದು ತಟ್ಟಿದರು. ಹುಬ್ಬೇರಿಸಿ ಕಾದರು. ನಾನೂ ಕಾದೆ. ಟಿಂಗ್ ಶುರುವಾಯಿತು, ನಿಂತಿತು. ಅವರ ಹುಬ್ಬು ಮಾತ್ರ ಇನ್ನೂ ಮೇಲೇ ಇತ್ತು, ಏನನ್ನೋ ಕೇಳುತ್ತಿರುವವರ ಹಾಗೆ, ತುಂಬಾ ಹೊತ್ತು.

“ಹೊಸ ಮದುಮಗಳ ತಲೆ ಎಲ್ಲೋ ಇದೆ. ಒಂದಷ್ಟು ದಿನ ಚೀಟಿ ಅಂಟಿಸೋ ಕಡೆ ಕೂತ್ಕೋ” ಎಂದರು.

ಚೀಟಿ ಅಂಟಿಸುವ ಕಡೆ. ಲೋಕದ ನಾನೂರು ಜನ ‘ಕಿವಿ’ ಎನ್ನುವವಳನ್ನು. ಚೀಟಿ ಅಂಟಿಸುವ ಜಾಗ ಮಣ್ಣು ಅರೆಯುವ ಯಂತ್ರದ ಪಕ್ಕದಲ್ಲಿದೆ, ಎಲ್ಲರೂ ಕಿವಿ ಹೋಗುತ್ತದೆ ಎಂದು ಬೈಯುತ್ತಾರೆ. ಆದರೆ ತಮಾಷೆ, ಅಲ್ಲಿ ಎಲ್ಲರ ಮಾತೂ ನನಗೆ ಸ್ಪಷ್ಟ. ಮನೆಗಿಂತ ಚೆನ್ನ.

ಏಪ್ರಿಲ್ 13, ಭಾನುವಾರ

ಏನೂ ಬೇಡ.

ಇವನು ಈಚೆಗೆ ಮಾತಾಡುವ ಮುಂಚೆ ಎದ್ದು ಬಂದು ಎದುರಿಗೆ ನಿಲ್ಲುತ್ತಾನೆ. ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಲೂ ಆ ಕೋಣೆಯಿಂದ ಈ ಕೋಣೆಗೆ. ಕಾಲಿಗೆ ಕೆಲಸವಿಲ್ಲದವನು.

ಏಪ್ರಿಲ್ 20, ಭಾನುವಾರ

ಬರೆಯಲೇಬೇಕು. ಬರೆದರೆ ಗಟ್ಟಿಯಾಗಿಬಿಡುತ್ತದೆ ಎಂದು ಮಧ್ಯಾಹ್ನದಿಂದ ಡೈರಿಯ ಸುತ್ತಮುತ್ತ ಓಡಾಡಿದೆ.

ಮನಸ್ಸು ಸರಿಯಿಲ್ಲದಾಗ ನಾನು ಮೂರನೆಯ ರಾತ್ರಿಯ ಟೇಪು ಹಾಕುತ್ತೇನೆ. ಅದು ನನಗೆ ತವರಿನ ಹಾಗೆ. ಅಸಲಿಗೆ ಹಾಕುವುದೂ ಬೇಕಿಲ್ಲ, ಬಾಯಿಪಾಠ. ವರ್ಷದಿಂದ ಅದನ್ನು ತೆಗೆದೇ ಇರಲಿಲ್ಲ. ಕ್ಲಬ್ಬಿನಲ್ಲೆಲ್ಲ ಅತಿ ಕೊಳಕು ಟೇಪು ಅದು. ಶುರುವಿನಲ್ಲಿ ಅರ್ಧ ನಿಮಿಷ ಬರೀ ಗಾಳಿ, ಜೋರು ಗಾಳಿ, ಆಮೇಲೆ ಡ್ರಮ್ಮು. ಏಳು ವರ್ಷದ ಹಿಂದೆ ನಾನೇ ‘ನಿಜ’ ಎಂದದ್ದು.

ಇವತ್ತು ಹಾಕಿದೆ. ಟೇಪು ತಿರುಗುತ್ತಿದೆ. ಏನೂ ಇಲ್ಲ. ಕೆಟ್ಟಿದೆ ಎಂದು ನಿಲ್ಲಿಸಲು ಕೈ ಚಾಚಿದೆ, ಅಷ್ಟರಲ್ಲಿ ಡ್ರಮ್ಮು ಬಂತು.

ತೊಳೆದ ತಟ್ಟೆಯ ಹಾಗೆ ಸ್ವಚ್ಛ.

ಮತ್ತೆ ಮೊದಲಿನಿಂದ. ಮತ್ತೆ. ಕಾವಲಿಯ ಹನಿ ಎಲ್ಲೆಲ್ಲಿ ಬೀಳುತ್ತದೆಂದು ನನಗೆ ಉಸಿರಿನಷ್ಟು ಗೊತ್ತು. ಆ ಜಾಗಗಳೆಲ್ಲ ಖಾಲಿ. ಹೆಡ್‌ಫೋನನ್ನು ಅತ್ತೆಯ ತಲೆಗೆ ಹಾಕಿ, “ಏನಾದರೂ ಕೇಳ್ಸುತ್ತಾ?” ಎಂದೆ. ಅವರು ಎರಡೂ ಕೈಯಲ್ಲಿ ಕಿತ್ತು ತೆಗೆದು, “ಅಯ್ಯೋ, ಏನಮ್ಮ ಇದು, ನಲ್ಲಿ ಬಿಟ್ಟ ಹಾಗೆ ಸೊಂಯ್ ಅಂತ. ಇಷ್ಟು ಜೋರಾಗಿ ಇಟ್ಕೋತೀಯಾ?” ಎಂದರು.

ಹೆಡ್‌ಫೋನ್ ಕೆಟ್ಟಿಲ್ಲ.

ಏಪ್ರಿಲ್ 21, ಸೋಮವಾರ

ಅಮ್ಮನಿಗೆ ಫೋನು ಮಾಡಿ ಸುಮ್ಮನೆ ಅಜ್ಜಿಯ ವಿಷಯ ತೆಗೆದೆ. ಅಜ್ಜಿಗೆ ಯಾವಾಗಿಂದ ಕೇಳಿಸುತ್ತಿರಲಿಲ್ಲ? “ನಾನು ಹುಟ್ಟಿದ ಮೇಲೆ ಅಂತೆ. ಮೂವತ್ತೂ ಆಗಿರಲಿಲ್ಲ. ಯಾಕೆ?” ಯಾಕೂ ಇಲ್ಲ ಎಂದೆ. ಅಜ್ಜಿಯನ್ನು ಕೆಪ್ಪಜ್ಜಿ ಎಂದು ಕರೆದು ಹಿಂದಿನಿಂದ ಚಪ್ಪಾಳೆ ತಟ್ಟಿ ಓಡುತ್ತಿದ್ದದ್ದು ನಾನೇ.

ಇವನಿಗೆ ಹೇಳಿಲ್ಲ.

ಏಪ್ರಿಲ್ 26, ಶನಿವಾರ

ಹೇಳಬೇಕಾಗಿಯೇ ಇರಲಿಲ್ಲ. ಗುರುವಾರ ಬಂದು ಎದುರಿಗೆ ನಿಂತು, “ಶನಿವಾರ ರಜ ಹಾಕಿದ್ದೀನಿ. ಕಿವಿ ಡಾಕ್ಟ್ರ ಹತ್ರ ಹೋಗೋಣ” ಎಂದ. ಯಾವಾಗ ಗೊತ್ತಾಯಿತು ಎಂದೆ. “ಫ್ರಿಜ್ಜಿನ ದಿನ” ಎಂದ. ತಿಂಗಳಾಯಿತು. ಇಷ್ಟು ದಿನ ಸುಮ್ಮನಿದ್ದೆಯಾ ಎಂದು ರೇಗಿದೆ. “ನಿನ್ನನ್ನು ಎಲ್ಲರೂ ಕಿವಿ ಅಂತಾರೆ. ನಾನು ಹೋಗಿ ಏನಂತ ಹೇಳಲಿ?” ಎಂದ.

ಡಾಕ್ಟರಮ್ಮ ಕಬ್ಬಿಣದ ಕವೆಯೊಂದನ್ನು ಮೊಣಕೈಗೆ ಬಡಿದು ಕಿವಿಯ ಮುಂದೆ ಹಿಡಿದರು. ಸದ್ದು ನಿಂತಾಗ ಹೇಳಿ ಎಂದರು. ಹೇಳಿದೆ. ತಕ್ಷಣ ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಸತ್ತುಹೋಗಿದ್ದ ಸದ್ದು ಎದ್ದು ಕೂತಿತು. ಎಷ್ಟು ಹೊತ್ತು ಹಾಡಿತೆಂದರೆ ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು ಅವರು ಕಾಗದದ ಕರವಸ್ತ್ರ ಕೊಟ್ಟಾಗ.

ಕಿವಿಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಎಲುಬೊಂದಿದೆಯಂತೆ. ಅದು ಅಲ್ಲಾಡಬೇಕು. ನನ್ನದು ಎರಡೂ ಕಡೆ ಬಿಗಿದುಕೊಳ್ಳುತ್ತಿದೆ. ಒಳಗಿನ ನರ ಚೆನ್ನಾಗಿದೆ, ಗಾಳಿಯ ದಾರಿಯಷ್ಟೇ ಕಟ್ಟಿದೆ, ಎಲುಬಿನ ದಾರಿ ತೆರೆದಿದೆ. ತಲೆಯೊಳಗೆ ನನ್ನ ದನಿ ದೊಡ್ಡದಾಗಿ ಕೇಳಿಸುವುದಕ್ಕೂ, ಗದ್ದಲದಲ್ಲಿ ಮಾತು ಸ್ಪಷ್ಟವಾಗುವುದಕ್ಕೂ, ಫ್ರಿಜ್ಜಿಗೂ, ಎಲ್ಲಕ್ಕೂ ಅದೇ ಕಾರಣ. ಮನೆತನದಲ್ಲಿ ಬರುತ್ತದೆ. ಶಸ್ತ್ರಚಿಕಿತ್ಸೆ ಮಾಡಬಹುದು, ಯಂತ್ರ ಹಾಕಿಕೊಳ್ಳಬಹುದು, ಅವಸರವಿಲ್ಲ, ಯೋಚಿಸಿ ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಇವನು ಹೇಳಿದ: “ಬೇರಿಂಗ್ ಜಾಮ್ ಆಗಿದೆ ಅಷ್ಟೆ. ಮೋಟಾರು ಚೆನ್ನಾಗಿದೆ.”

ಅಲ್ಲೇ, ಅಷ್ಟು ಜನರ ಮುಂದೆ, ಇವನ ಅಂಗಿಗೆ ಮುಖ ಒರೆಸಿಕೊಂಡೆ.

ಏಪ್ರಿಲ್ 27, ಭಾನುವಾರ

ಬೆಳಿಗ್ಗೆ ಎದ್ದಾಗ ಮೇಜಿನ ಮೇಲೆ ಹಳೆಯ ಮರದ ಸ್ಪೀಕರ್ ಪೆಟ್ಟಿಗೆ, ಪಕ್ಕದಲ್ಲಿ ಮೊಳದುದ್ದದ ಸ್ಕ್ರೂಡ್ರೈವರ್. ಹಿಡಿಯನ್ನು ಸೋಪು ಹಾಕಿ ತೊಳೆದಿದ್ದಾನೆ. “ಅವರ ಕವೆ ನೋಡಿದಾಗಲೇ ಅನ್ನಿಸ್ತು” ಎಂದ.

ಮೊದಲು ಮೂರನೆಯ ರಾತ್ರಿ. ತುದಿಯನ್ನು ಪೆಟ್ಟಿಗೆಗೆ ಒತ್ತಿ, ಹಿಡಿಯನ್ನು ಎಲುಬಿಗೆ ಆನಿಸಿ ಕೂತೆ. ಗಾಳಿ. ನನ್ನ ಕೊಳಕು, ಹಳೆಯ, ಚಿನ್ನದಂಥ ಗಾಳಿ.

ಆಮೇಲೆ ಆರನೆಯದು. ಹಾಕಲು ಭಯವಾಯಿತು. ಇವನೇ ಗುಂಡಿ ಒತ್ತಿದ.

ಗಾಳಿ ಇದೆ. ಮೊದಲ ಹಾಡಿನ ಎರಡನೆಯ ಸಾಲಿಗೆ ತಾಳ ಬಿತ್ತು. ಬಿಸಿ ಕಾವಲಿಯ ಮೇಲೆ ನಾಲ್ಕು ಹನಿ. ಅಷ್ಟಕ್ಕೇ ನಿಲ್ಲಿಸಿದೆ.

ಬಸ್ಸಣ್ಣ ಅಲ್ಲಿದ್ದರು.

ಏಪ್ರಿಲ್ 30, ಬುಧವಾರ

ಪತ್ರ ಶುರು ಮಾಡಿ ಹರಿದದ್ದು ಒಂಬತ್ತು. ‘ಹೊಸ ಹೆಡ್‌ಫೋನಿನಲ್ಲಿ ಮತ್ತೆ ಕೇಳಿದೆ’ ಎಂದು ಬರೆದರೆ ಎರಡು ಸಾಲಿನಲ್ಲಿ ಮುಗಿಯುತ್ತದೆ. ಬಸ್ಸಣ್ಣ ವಾಪಸ್ಸು ಬರುತ್ತಾರೆ, ನನ್ನ ಹುದ್ದೆಯೂ ಉಳಿಯುತ್ತದೆ. ಆ ಪತ್ರವನ್ನು ಹರಿಯಲಿಲ್ಲ. ಡೈರಿಯ ನಡುವೆ ಇಟ್ಟಿದ್ದೇನೆ.

ನಿಜ ಬರೆದರೆ ಮೂವತ್ತೊಂದು ತೀರ್ಪುಗಳೂ ಅನುಮಾನಕ್ಕೆ ಬೀಳುತ್ತವೆ. ಯಾವ ವರ್ಷದಿಂದ ನನಗೆ ಕೇಳಿಸುತ್ತಿಲ್ಲ ಎಂದು ನನಗೇ ಗೊತ್ತಿಲ್ಲ. ಹೊರಹಾಕಿದವರಲ್ಲಿ ಇನ್ನೊಬ್ಬ ಬಸ್ಸಣ್ಣ ಇದ್ದಿದ್ದರೆ?

ಹತ್ತೊಂಬತ್ತರಲ್ಲಿ ನನಗೆ ಒಬ್ಬಳೂ ಗೆಳತಿ ಇರಲಿಲ್ಲ. ಇಡೀ ಲೋಕದಲ್ಲಿ ನಾನು ಯಾರಾದರೂ ಆಗಿದ್ದರೆ ಅದು ಅಲ್ಲಿ ಮಾತ್ರ.

ಮೇ 1, ಗುರುವಾರ

ಇವನಿಗೆ ಎರಡು ಸಾಲಿನ ಪತ್ರ ಓದಿ ಹೇಳಿದೆ. ಕೇಳಿ, ಎದುರಿಗೆ ಬಂದು ಕೂತ.

“ಲಿಫ್ಟ್ ನಿಂತ್ರೆ ನಾವು ಬಾಗಿಲಿಗೆ ಒಂದು ಬೋರ್ಡ್ ಹಾಕ್ತೀವಿ. ರಿಪೇರಿಯಲ್ಲಿದೆ ಅಂತ. ನಾಚಿಕೆ ಅಂತ ಹಾಕದೇ ಬಿಟ್ರೆ ಯಾರೋ ಹತ್ತಿಬಿಡ್ತಾರೆ.”

“ನೀನು ಎಲ್ಲದಕ್ಕೂ ಲಿಫ್ಟೇ ತರ್ತೀಯ.”

“ನೀನು ಎಲ್ಲದಕ್ಕೂ ಡ್ರಮ್ಮು ತರ್ತೀಯ. ನಾನು ಏನಾದ್ರೂ ಅಂದ್ನಾ?”

ಮೇ 4, ಭಾನುವಾರ

ಕಳಿಸಿದೆ. ಉದ್ದದ್ದನ್ನೇ. ಕವೆ, ಎಲುಬು, ಚೀಟಿ ಅಂಟಿಸುವ ಕಡೆ, ಸ್ಕ್ರೂಡ್ರೈವರ್, ಎಲ್ಲವನ್ನೂ. ಮೂವತ್ತೊಂದನ್ನೂ ಬೇರೆಯವರು ಮತ್ತೆ ಕೇಳಲಿ ಎಂದೂ ಬರೆದೆ. ಕೊನೆಯಲ್ಲಿ: ಆರನೆಯ ರಾತ್ರಿ, ನಿಜ.

ಕಳಿಸಿದ ಮೇಲೆ ಮನೆಯ ಕಿಟಕಿಗಳನ್ನೆಲ್ಲ ಒರೆಸಿದೆ.

ಮೇ 6, ಮಂಗಳವಾರ

ಒಬ್ಬ, ಏಳು ವರ್ಷ ಕಿವುಡಿಯ ಮಾತು ಕೇಳಿದ ನಾವೇ ಮೂರ್ಖರು ಎಂದು ಬರೆದ. ಹನ್ನೆರಡು ಜನ ಅದನ್ನು ಮೆಚ್ಚಿದರು, ಎಣಿಸಿದೆ. ಮೇಷ್ಟ್ರು, “ಹುದ್ದೆ ಸದ್ಯಕ್ಕೆ ಖಾಲಿ. ಟೇಪುಗಳನ್ನು ಮೂವರು ಸೇರಿ ಮತ್ತೆ ಕೇಳುತ್ತಾರೆ. ಹನ್ನೊಂದಕ್ಕೆ ಆರನೆಯ ರಾತ್ರಿ” ಎಂದು ಮೂರು ವಾಕ್ಯ ಬರೆದರು. ಬಸ್ಸಣ್ಣನನ್ನು ವಾಪಸ್ಸು ಕರೆದಿದ್ದಾರೆ. ಬಸ್ಸಣ್ಣ ಉತ್ತರಿಸಿಲ್ಲ.

ಮೇಲ್ವಿಚಾರಕಿಗೂ ಹೇಳಿಬಿಟ್ಟೆ. ಅವರು ನನ್ನ ಮರದ ಕಡ್ಡಿಯನ್ನು ತಮ್ಮ ಮೇಜಿನ ಖಾನೆಯಲ್ಲಿಟ್ಟು, “ಇಲ್ಲೇ ಇರುತ್ತೆ” ಎಂದರು.

ಅತ್ತೆ ಟೀವಿಯ ದನಿ ಏರಿಸಿದ್ದಾರೆ. ಈಗ ಅವರಿಗೇ ತಲೆನೋವಂತೆ.

ಮೇ 9, ಶುಕ್ರವಾರ

ಬಸ್ಸಣ್ಣನ ಪತ್ರ. ಕ್ಲಬ್ಬಿಗಲ್ಲ, ನನಗೆ.

“ಹುಡುಗಿ, ನಿನ್ನ ಪತ್ರ ಓದಿದೆ. ನನ್ನನ್ನು ಸುಳ್ಳ ಅಂದದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿದವನು ಅದಕ್ಕಿಂತ ಕೆಟ್ಟದ್ದನ್ನು ದಿನಾ ಕೇಳಿದ್ದೇನೆ. ಟೇಪು ಅಳಿಸಿಬಿಡುತ್ತಾರೆ ಎಂದು ಹೆದರಿಕೆ ಇತ್ತು. ನನ್ನ ಹತ್ತಿರದ ಮೂಲ ಟೇಪು, ನಕಲು ಕಳಿಸಿದ ವಾರವೇ, ಯಂತ್ರದಲ್ಲಿ ಸಿಕ್ಕಿ ತುಂಡಾಯಿತು. ಆ ದಿನ ಬಾಗಿಲಲ್ಲಿ ಗಂಡಸರ ಜೇಬು ಮುಟ್ಟಿ ನೋಡುತ್ತಿದ್ದರು. ಹಾಗಾಗಿ ರೆಕಾರ್ಡರ್ ಇದ್ದದ್ದು ನನ್ನ ಹೆಂಡತಿಯ ಚೀಲದಲ್ಲಿ. ತಡವಾಗಿ ಮದುವೆಯಾದವರು ನಾವು. ಆಗಿನ್ನೂ ಎರಡು ತಿಂಗಳು. ಅವಳಿಗೆ ಈ ಬ್ಯಾಂಡು ಕಂಡರೆ ಆಗುತ್ತಿರಲಿಲ್ಲ. ನನಗಾಗಿ ಬಂದಳು. ಮೂರು ವರ್ಷದ ಹಿಂದೆ ಹೋದಳು. ಎರಡನೆಯ ಹಾಡು ಮುಗಿದು ಮೂರನೆಯದು ಶುರುವಾಗುವ ಮುಂಚೆ ಅವಳು ಒಂದು ಮಾತಾಡುತ್ತಾಳೆ. ಅವಳ ದನಿ ನನ್ನ ಹತ್ತಿರ ಬೇರೆಲ್ಲೂ ಇಲ್ಲ. ಏನಂದಳು ಎಂದು ಹೇಳುವುದಿಲ್ಲ. ಹನ್ನೊಂದಕ್ಕೆ ನೀನೇ ಕೇಳಿ ನನಗೆ ಬರೆ.”

ಮೇ 11, ಭಾನುವಾರ

ಮಧ್ಯಾಹ್ನ ಮೂರು, ನಮ್ಮ ಗಡಿಯಾರದಲ್ಲಿ. ಬಾಗಿಲು ಹಾಕಿ, ಪೆಟ್ಟಿಗೆಯನ್ನು ಮೇಜಿನ ನಡುವೆ ಇಟ್ಟೆವು. ಅತ್ತೆ, “ನಾನೂ ಇರ್ತೀನಿ, ಆ ಹೆಂಗಸು ಏನಂದಳು ನೋಡಬೇಕು” ಎಂದು ಕುರ್ಚಿ ಎಳೆದುಕೊಂಡರು. ಇವನು ಸ್ಕ್ರೂಡ್ರೈವರಿನ ತುದಿ ಜಾರದಂತೆ ಎರಡು ಬೆರಳಲ್ಲಿ ಹಿಡಿದುಕೊಂಡ. ಬೇರೆ ಬೇರೆ ಊರುಗಳಲ್ಲಿ ನಾನೂರು ಜನ ಅದೇ ಗಳಿಗೆಗೆ ಗುಂಡಿ ಒತ್ತುತ್ತಿದ್ದರು. ಮುಂಚೆಲ್ಲ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತಿತ್ತು. ಇವತ್ತು ನಾನು ಒಬ್ಬಳಿಗಾಗಿ ಕಾದಿದ್ದೆ.

ಎರಡನೆಯ ಹಾಡು ಮುಗಿಯಿತು. ತಾಳದ ಬಾಲ ಚುಂಯ್ ಎಂದು ಹೋಯಿತು. ಚಪ್ಪಾಳೆ. ಯಾರೋ ಸಿಳ್ಳೆ ಹೊಡೆದರು. ಚೀಲದ ಜಿಪ್ಪೋ ಏನೋ ಎಳೆದ ಸದ್ದು. ಆಮೇಲೆ ಬಹಳ ಹತ್ತಿರದಲ್ಲಿ, ನನ್ನ ಎಲುಬಿನೊಳಗೇ ಎನ್ನುವಷ್ಟು ಹತ್ತಿರದಲ್ಲಿ, ಒಬ್ಬ ಹೆಂಗಸು, ಸಿಟ್ಟಿಲ್ಲದೆ, ಬರೀ ಸುಸ್ತಾಗಿ ಕೇಳಿದಳು: ಇನ್ನೂ ಎಷ್ಟು ಹೊತ್ತು?

ನಾನು ನಕ್ಕದ್ದಕ್ಕೆ ಹಿಡಿ ಜಾರಿತು. ಆ ರಾತ್ರಿಯ ಉಳಿದ ಐದು ಹಾಡು ನನಗೆ ಕೇಳಿಸಲೇ ಇಲ್ಲ. ನಾನೂರು ಜನರಲ್ಲಿ ಅದನ್ನು ಪೂರ್ತಿ ಕೇಳದವಳು ಬಹುಶಃ ನಾನೊಬ್ಬಳೇ.

“ಏನಂತೆ, ಏನಂತೆ?” ಎಂದರು ಅತ್ತೆ.

“ಅದರಲ್ಲಿ ಇವನಿದ್ದಾನೆ” ಎಂದೆ.

ಇವನಿಗೆ ಅರ್ಥವಾಗಲಿಲ್ಲ. ಅವಳ ಮಾತನ್ನು ಕನ್ನಡದಲ್ಲಿ ಹೇಳಿ, ಹಿಂದಕ್ಕೆ ಓಡಿಸಿ, ಕೇಳು ಎಂದೆ. ಇವನಿಗೆ ಸ್ಕ್ರೂಡ್ರೈವರ್ ಬೇಕಿಲ್ಲ, ಆದರೂ ಅಭ್ಯಾಸ. ಹಿಡಿಯನ್ನು ಎಲುಬಿಗೆ ಆನಿಸಿ, ತಲೆ ಬಾಗಿಸಿ, ಕಣ್ಣು ಮುಚ್ಚಿ, ಅವತ್ತು ಮೋಟಾರು ಕೋಣೆಯಲ್ಲಿ ನಿಂತಂತೆಯೇ ಕೂತ. ಅವಳ ಮಾತು ಬಂದಾಗ ಹುಬ್ಬು ಮೇಲೇರಿ, ಹಾಗೇ ನಿಂತಿತು.

“ಇನ್ನೊಂದ್ಸಲ ಹಾಕು” ಎಂದ.

ಹಾಕಿದೆ. ಮೂರು ಸಲ ಹಾಕಿದೆ. ಆಮೇಲೆ ಕಣ್ಣು ತೆರೆದು, ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಮುಖಕ್ಕೆ ಮುಖ ಕೊಟ್ಟು ಹೇಳಿದ: “ನಾನು ಇವರ ಪಾರ್ಟಿ.”

ಬಸ್ಸಣ್ಣನಿಗೆ ಬರೆದೆ. ಅವರ ಹೆಂಡತಿ ಕೇಳಿದ್ದನ್ನು ಅವರ ಭಾಷೆಯಲ್ಲೇ, ಒಂದೇ ಸಾಲಿನಲ್ಲಿ. ಅದರ ಕೆಳಗೆ, ನಮ್ಮ ಮನೆಯಲ್ಲಿಯೂ ಒಬ್ಬರು ಹೀಗೇ ಕೇಳುತ್ತಾರೆ, ಎದ್ದು ಹೋಗುವುದಿಲ್ಲ ಎಂದು.